ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಗೀತಾ’ ಹಾಡು ಕೇಳಿದರೆ ಗಂಟಲು ಕಟ್ಟೋದು ಯಾಕೆ?

ನಿಮ್ಮ ಹರೆಯದಲ್ಲಿ ಮನಸ್ಸಿಗೆ ಅಂಟಿಕೊಂಡ ಸಿನಿಮಾ ಹಾಡುಗಳ ಬಗ್ಗೆ ಬರೆಯಿರಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರದ ಹೆಸರು ಮತ್ತೆ ಮತ್ತೆ ಕಾಣಿಸಿತು. ನನಗೂ ಬಹಳ ಇಷ್ಟದ ಹಾಡುಗಳು ಅವು. ಹಾಗಾಗಿ ಈ ಸಲ ಅದರ ಸುತ್ತಮುತ್ತಲಿನ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ‘ಗೀತಾ’ ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ಈಗ ಅರವತ್ತರ ಹತ್ತಿರ ಬಂದಿದ್ದೇನೆ. ಇವತ್ತಿಗೂ ‘ಜೊತೆಯಲಿ ಜೊತೆಜೊತೆಯಲಿ’ ಕೇಳಿದರೆ ಗಂಟಲು ಕಟ್ಟುತ್ತದೆ. ಮಗಳು ಮಾತ್ರ, ‘ಅದು ಹಾಡಿನ ಗುಣ ಅಲ್ಲಪ್ಪ, ನಿಮ್ಮ ವಯಸ್ಸಿನ ನೆನಪು ಅಷ್ಟೇ. ನಿಮ್ಮ ಕಾಲದ ಯಾವ ಹಾಡು ಹಾಕಿದ್ರೂ ನೀವು ಹೀಗೇ ಆಗ್ತೀರ’ ಅಂತಾಳೆ. ನಿಜವಾ?
– ಒಬ್ಬ ಓದುಗರು, ತಿಪಟೂರು

ಉತ್ತರ: ಅರ್ಧ ನಿಜ ಸರ್. ಸುಮಾರು ಹತ್ತನೇ ವಯಸ್ಸಿನಿಂದ ಮೂವತ್ತರೊಳಗೆ ಕಂಡಿದ್ದು, ಕೇಳಿದ್ದು ಮುಂದೆ ಜಾಸ್ತಿ ಗಟ್ಟಿಯಾಗಿ ನೆನಪಿರುತ್ತದೆ ಅನ್ನೋದನ್ನು ಮನಶ್ಶಾಸ್ತ್ರ ಓದಿದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅದರಲ್ಲೂ ಹಾಡುಗಳು. ಮನೆ ಬಿಟ್ಟು ಹಾಸ್ಟೆಲ್ ಸೇರೋದು, ಮೊದಲ ಸ್ನೇಹ, ಹೇಳಿಕೊಳ್ಳಲಾಗದ ಮೊದಲ ಪ್ರೀತಿ, ಎಲ್ಲಾ ಆ ವರ್ಷಗಳಲ್ಲೇ ಅಲ್ವಾ? ಆಗ ಹೋಟೆಲ್ ರೇಡಿಯೊದಲ್ಲಿ ಏನು ಬರುತ್ತಿತ್ತೋ ಅದು ಆ ದಿನಗಳ ಜೊತೆಗೇ ಸೇರಿಕೊಂಡು ಒಳಗೆ ಕೂತುಬಿಡುತ್ತದೆ.

ಆದರೆ ಮಗಳ ಎರಡನೇ ಮಾತನ್ನು ನಾನು ಒಪ್ಪುವುದಿಲ್ಲ. 1981ರಲ್ಲಿ ನೀವು ಕೇಳಿದ್ದು ಇದೊಂದೇ ಹಾಡಲ್ಲ. ಅದೇ ರೇಡಿಯೊದಲ್ಲಿ, ಅದೇ ವಯಸ್ಸಿನಲ್ಲಿ, ಅದೇ ಹೋಟೆಲ್ಲಿನಲ್ಲಿ ಕೂತು ನೂರಾರು ಹಾಡು ಕೇಳಿದ್ದೀರಿ. ಅದರಲ್ಲಿ ಮುಕ್ಕಾಲು ಪಾಲು ಇವತ್ತು ಪಲ್ಲವಿ ಹೇಳಿಕೊಟ್ಟರೂ ನೆನಪಾಗುವುದಿಲ್ಲ. ನೆನಪೇ ಎಲ್ಲಾ ಕೆಲಸ ಮಾಡುವುದಾಗಿದ್ದರೆ ಅವೂ ಗಂಟಲು ಕಟ್ಟಿಸಬೇಕಿತ್ತು. ಹಾಗಾಗಲಿಲ್ಲ ಅಂದರೆ ಈ ಹಾಡಿನೊಳಗೇ ಏನೋ ಇದೆ ಅಂತ ಅರ್ಥ.

ಏನಿದೆ ಅನ್ನೋದಕ್ಕೆ ‘ಗೀತಾ’ದ ಮೂರು ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ಸಂಗೀತ ಇಳಯರಾಜ, ಸಾಹಿತ್ಯ ಚಿ. ಉದಯಶಂಕರ್. ಮೊದಲು ‘ಸಂತೋಷಕ್ಕೆ ಹಾಡು ಸಂತೋಷಕ್ಕೆ’. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯಲ್ಲಿ ನಗು ತುಂಬಿ ತುಳುಕುತ್ತದೆ, ಕೂತವರನ್ನು ಎಬ್ಬಿಸಿ ಕುಣಿಸುವಂಥ ಹಾಡು, ಇವತ್ತಿಗೂ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಇದನ್ನು ಹಾಡದೇ ಇಳಿದರೆ ಜನ ಬಿಡುವುದಿಲ್ಲ. ಅದು ಮುಗಿದ ತಕ್ಷಣ ‘ಕೇಳದೆ ನಿಮಗೀಗ’ ಹಾಕಿ. ಅದೇ ಗಾಯಕ, ಅದೇ ನಾಯಕನಿಗೆ ಹಾಡುತ್ತಿರುವುದು. ಆದರೆ ದನಿಯಲ್ಲಿದ್ದ ನಗು ಪೂರ್ತಿ ಇಂಗಿದೆ. ಅಳುವುದಿಲ್ಲ, ಗದ್ಗದ ಮಾಡುವುದಿಲ್ಲ, ಬಿಕ್ಕುವುದಿಲ್ಲ. ಸಾಲು ಮುಗಿಯುವ ಕಡೆ ದನಿಯನ್ನು ಸ್ವಲ್ಪ ಹಿಡಿದುಕೊಳ್ಳುತ್ತಾರೆ ಅಷ್ಟೇ. ಅಷ್ಟರಲ್ಲೇ ನಮ್ಮ ಎದೆ ಭಾರ ಆಗಿರುತ್ತದೆ.

ಆಮೇಲೆ ‘ಜೊತೆಯಲಿ’. ಇಲ್ಲಿ ಬಾಲು ಜೊತೆ ಎಸ್. ಜಾನಕಿ ಇದ್ದಾರೆ. ಉದಯಶಂಕರ್ ಒಂದೂ ಕಷ್ಟದ ಪದ ಬಳಸಿಲ್ಲ. ನಾವು ದಿನಾ ಮನೆಯಲ್ಲಿ ಆಡುವ ಪದಗಳೇ. ಪಲ್ಲವಿಯಲ್ಲಿ ‘ಜೊತೆ’ ಅನ್ನೋದನ್ನು ಮತ್ತೆ ಮತ್ತೆ ತರುತ್ತಾರೆ, ರಾಗವೂ ಅದಕ್ಕೆ ತಕ್ಕ ಹಾಗೆ ಪಲ್ಲವಿ ಮುಗಿಯುವ ಹೊತ್ತಿಗೆ ನಮ್ಮ ಬಾಯಲ್ಲೇ ಬಂದು ಕೂತಿರುತ್ತದೆ. ಮೊದಲ ಸಲ ಕೇಳಿದವರೂ ಎರಡನೇ ಸಲ ಪಲ್ಲವಿ ಬರುವಾಗ ಗುನುಗುತ್ತಾರೆ. ಆದರೆ ಸಿನಿಮಾದಲ್ಲಿ ನಾಯಕ ಮತ್ತು ನಾಯಕಿ ಗೀತಾ, ಈ ಇಬ್ಬರ ಜೊತೆ ಬಹಳ ದಿನ ಉಳಿಯುವುದಿಲ್ಲ, ಗೀತಾಗೆ ರಕ್ತದ ಕ್ಯಾನ್ಸರ್. ಸಿನಿಮಾ ನೋಡಿದವರಿಗೆ ಅದು ಗೊತ್ತಿರುತ್ತದೆ. ಗೊತ್ತಿದ್ದೂ ಹಾಡು ಕೇಳುವಾಗ ಖುಷಿಯಾಗುತ್ತದೆ. ನಿಮ್ಮ ಗಂಟಲು ಕಟ್ಟುವುದು ಅಲ್ಲೇ ಅಂತ ನನ್ನ ನಂಬಿಕೆ: ಆ ಖುಷಿಯೂ ಈ ದುಃಖವೂ ಒಂದೇ ರಾಗದಲ್ಲಿ ಒಟ್ಟಿಗೆ ಬರುವ ಜಾಗದಲ್ಲಿ.

ಇನ್ನೊಂದು ವಿಷಯ ಮಗಳಿಗೆ ಹೇಳಿ. ಇಳಯರಾಜ ನಮ್ಮಲ್ಲಿಗೆ ಹೊರಗಿನವರಾಗಿ ಬಂದವರಲ್ಲ. ಸ್ವತಂತ್ರವಾಗಿ ಸಂಗೀತ ಕೊಡೋದಕ್ಕೆ ಮುಂಚೆ ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು. ರಾಜ್‌ಕುಮಾರ್ ಅವರ ಎಷ್ಟೊಂದು ಚಿತ್ರಗಳಿಗೆ ಸಂಗೀತ ಕೊಟ್ಟ ಅದೇ ವೆಂಕಟೇಶ್. ತಮಿಳಿನಲ್ಲಿ 1976ರ ‘ಅನ್ನಕ್ಕಿಳಿ’ಯಿಂದ ಇಳಯರಾಜ ಮನೆಮಾತಾಗುವ ಮೊದಲೇ ಕನ್ನಡದ ಹಾಡು ಹೇಗೆ ಉಸಿರಾಡುತ್ತದೆ ಅಂತ ಹತ್ತಿರದಿಂದ ಕಂಡಿದ್ದರು. ‘ಗೀತಾ’ದಲ್ಲಿ ಕನ್ನಡದ ಮಾತು ರಾಗದ ಮೇಲೆ ಎಲ್ಲೂ ಎಡವುವುದಿಲ್ಲ, ಅದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಒಂದು ಸಂಜೆ ಒಳ್ಳೆಯ ಹೆಡ್‌ಫೋನ್ ಕೊಟ್ಟು ಮಗಳನ್ನು ಕೂರಿಸಿ, ‘ಜೊತೆಯಲಿ’ ಹಾಕಿ. ನಿಮ್ಮ ಕಾಲೇಜು ಕಥೆ ಏನೂ ಹೇಳಬೇಡಿ. ಕೆಳಗೆ ಓಡುವ ಬೇಸ್ ಗಿಟಾರ್ ಒಂದನ್ನೇ ಹಿಡಿದು ಕೇಳು ಅನ್ನಿ. ಮೇಲೆ ಇಬ್ಬರು ಹಾಡುತ್ತಿದ್ದರೆ ಅದು ಕೆಳಗೆ ತನ್ನದೇ ಹಾಡು ಹಾಡುತ್ತಿರುತ್ತದೆ. ಅವಳು ಹುಟ್ಟುವುದಕ್ಕೆ ಮುಂಚಿನ ಹಾಡು, ಅವಳಿಗೆ ಅದರ ನೆನಪು ಇರಲು ಸಾಧ್ಯವೇ ಇಲ್ಲ. ಕೇಳಿ ಏನಂದಳು ಅಂತ ನಮಗೂ ಬರೆಯಿರಿ.

ಪ್ರಶ್ನೆ: ‘ಜೊತೆಯಲಿ’ ರಾಗವನ್ನೇ ಒಂದು ಹಿಂದಿ ಸಿನಿಮಾದಲ್ಲಿ ಕೇಳಿದೆ. ಆಫೀಸಿನಲ್ಲಿ ಒಬ್ಬರು, ಕನ್ನಡದವರು ಹಿಂದಿಯಿಂದ ತೆಗೆದುಕೊಂಡಿದ್ದು ಅಂತ ವಾದ ಮಾಡುತ್ತಿದ್ದಾರೆ. ಯಾವುದು ಮೊದಲು?
– ಒಬ್ಬ ಓದುಗರು, ಪುಣೆ

ಉತ್ತರ: ಕನ್ನಡವೇ ಮೊದಲು, ಧೈರ್ಯವಾಗಿ ಹೇಳಿ. ‘ಗೀತಾ’ 1981. ಅದೇ ರಾಗವನ್ನು ಇಳಯರಾಜ 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಬಳಸಿದರು. ನೀವು ಕೇಳಿದ ಹಿಂದಿ ಹಾಡು ‘ಚೀನಿ ಕಮ್’ ಚಿತ್ರದ್ದು, 2007ರಲ್ಲಿ ಬಂದಿದ್ದು, ಹಾಡಿದವರು ಶ್ರೇಯಾ ಘೋಷಾಲ್. ಮೂರಕ್ಕೂ ಸಂಗೀತ ಇಳಯರಾಜ ಅವರದೇ, ಹಾಗಾಗಿ ಇಲ್ಲಿ ಕದ್ದಿದ್ದು ಅನ್ನುವ ಮಾತೇ ಬರುವುದಿಲ್ಲ. ಇಪ್ಪತ್ತಾರು ವರ್ಷ ಆದ ಮೇಲೂ ಅವರೇ ಅದನ್ನು ಮತ್ತೆ ಕೈಗೆತ್ತಿಕೊಂಡರು ಅಂದರೆ ಆ ರಾಗದ ಮೇಲೆ ಅವರಿಗೆ ಎಷ್ಟು ಪ್ರೀತಿ ಇರಬೇಕು ನೋಡಿ. ಹಿಂದಿಯದು ನಿಧಾನ, ಅದೂ ಚೆನ್ನಾಗಿದೆ. ನನಗೆ ಮಾತ್ರ ಬಾಲು ಮತ್ತು ಜಾನಕಿ ಇಬ್ಬರೂ ಇಲ್ಲದೆ ಅದು ಪೂರ್ತಿ ಅನ್ನಿಸುವುದಿಲ್ಲ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅಟ್ಟ ಇಳಿಸುವಾಗ ಒಂದು ಡಬ್ಬದ ತುಂಬ ಕ್ಯಾಸೆಟ್ ಸಿಕ್ಕವು. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ ‘ಗೀತಾ, ರೇಡಿಯೊ’ ಅಂತ ಇದೆ. ಹಳೆಯ ಟೇಪ್ ರೆಕಾರ್ಡರ್ ಕೂಡ ಇದೆ, ಆದರೆ ಚಕ್ರ ತಿರುಗುತ್ತಿಲ್ಲ. ಕ್ಯಾಸೆಟ್ ಕಿಟಕಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ. ಕೇಳೋಕಾಗುತ್ತಾ?
– ಒಬ್ಬ ಓದುಗರು, ಸಾಗರ

ಉತ್ತರ: ಬಹುಶಃ ಆಗುತ್ತದೆ, ಆದರೆ ಆತುರ ಬೇಡ ಮೇಡಂ. ಆ ಬಿಳಿ ಪುಡಿ ಬೂಷ್ಟು. ನಿಮ್ಮ ಕಡೆ ಮಳೆಗಾಲಕ್ಕೆ ಅದು ಬಾರದಿದ್ದರೇ ಆಶ್ಚರ್ಯ. ಹಾಗೇ ಹಾಕಿದರೆ ಟೇಪ್ ಅಂಟಿಕೊಂಡು ಹರಿಯಬಹುದು, ಬೂಷ್ಟು ಬೇರೆ ಕ್ಯಾಸೆಟ್‌ಗಳಿಗೂ ಹಬ್ಬುತ್ತದೆ. ಮೊದಲು ಅದನ್ನು ಉಳಿದವುಗಳಿಂದ ಬೇರೆ ಇಡಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ.

ಕ್ಯಾಸೆಟ್ ಮೂಲೆಗಳಲ್ಲಿ ಸ್ಕ್ರೂ ಇದ್ದರೆ ನಿಮ್ಮ ಅದೃಷ್ಟ, ಬಿಚ್ಚಿ ಒಣ ಮೃದು ಬಟ್ಟೆಯಿಂದ ಸುರುಳಿಯ ಮೇಲಿನ ಪುಡಿಯನ್ನು ಮೆಲ್ಲಗೆ ಒರೆಸಬಹುದು. ನೀರು ತಾಗಿಸಬೇಡಿ, ಬಿಸಿಲಿಗೂ ಇಡಬೇಡಿ. ಆಮೇಲೆ ಪೆನ್ಸಿಲ್ ತೂರಿಸಿ ಕೈಯಲ್ಲೇ ಸ್ವಲ್ಪ ಸುತ್ತಿ, ಎಲ್ಲಾದರೂ ಹಿಡಿದ ಹಾಗೆ ಆದರೆ ಅಲ್ಲೇ ನಿಲ್ಲಿಸಿ. ಒಳಗೆ ಒಂದು ಪುಟ್ಟ ತಾಮ್ರದ ಪಟ್ಟಿಯ ಮೇಲೆ ಸ್ಪಂಜಿನಂಥ ತುಂಡು ಇರುತ್ತದಲ್ಲ, ಟೇಪನ್ನು ರೆಕಾರ್ಡರಿನ ಹೆಡ್‌ಗೆ, ಅಂದರೆ ಟೇಪ್ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಹಾಡು ಎಲ್ಲೋ ಮುಚ್ಚಿದ ಕೋಣೆಯಿಂದ ಬಂದ ಹಾಗೆ ಕೇಳುತ್ತದೆ. ಬೇಡದ ಕ್ಯಾಸೆಟ್ ಒಂದರಿಂದ ಅದನ್ನು ತೆಗೆದು ಹಾಕಬಹುದು.

ರೆಕಾರ್ಡರ್ ಚಕ್ರ ತಿರುಗದೇ ಇರುವುದು ಹೆಚ್ಚಾಗಿ ಬೆಲ್ಟ್‌ನಿಂದ. ರಬ್ಬರ್ ಇಷ್ಟು ವರ್ಷ ತಾಳುವುದಿಲ್ಲ, ಸಡಿಲವಾಗುತ್ತದೆ, ಕೆಲವು ಕಪ್ಪು ಡಾಂಬರಿನ ಹಾಗೆ ಕರಗಿ ಹೋಗಿರುತ್ತವೆ. ಹಳೆಯ ರೇಡಿಯೊ ರಿಪೇರಿ ಮಾಡುವವರು ಇನ್ನೂ ಇದ್ದಾರೆ, ಬೆಲ್ಟ್ ಬದಲಾಯಿಸಿ, ಹೆಡ್ ಮತ್ತು ರಬ್ಬರ್ ರೋಲರ್ ಸ್ಪಿರಿಟ್‌ನಿಂದ ಒರೆಸಿ ಕೊಡಿ ಅನ್ನಿ. ಮೊದಲು ಬೇರೆ ಯಾವುದಾದರೂ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿ. ಅಪ್ಪನ ಕ್ಯಾಸೆಟ್ ಹಾಕುವ ಮುಂಚೆ ಅದರ ಮೇಲಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದುಬಿಡಿ. ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಸಿಹೋಗುವುದಿಲ್ಲ.

ಚೆನ್ನಾಗಿ ಓಡಿದರೆ ಆ ಮೊದಲ ಓಟವನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎರಡನೇ ಸಲ ಓಡುತ್ತದೆ ಅನ್ನೋ ಖಾತ್ರಿ ಇರುವುದಿಲ್ಲ. ಮೊಬೈಲ್ ಎದುರಿಗಿಟ್ಟು ರೆಕಾರ್ಡ್ ಮಾಡಬೇಡಿ. ಹೆಡ್‌ಫೋನ್ ಕಿಂಡಿಯಿಂದ ಒಂದು ವೈರು, ಯುಎಸ್‌ಬಿಗೆ ಹಾಕುವ ಸಣ್ಣ ಆಡಿಯೊ ಪೆಟ್ಟಿಗೆ, ‘ಆಡಾಸಿಟಿ’ ಅನ್ನೋ ಉಚಿತ ಸಾಫ್ಟ್‌ವೇರ್ ಇದ್ದರೆ ಸಾಕು. ವೇವ್ ಫೈಲ್ ಆಗಿ ಉಳಿಸಿ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ, 60 ನಿಮಿಷದ ಕ್ಯಾಸೆಟ್ ಪೂರ್ತಿ 600 ಎಂಬಿ ಆಸುಪಾಸು.

ಮುಖ್ಯವಾದ ಮಾತು ಒಂದಿದೆ. ‘ಗೀತಾ’ ಹಾಡುಗಳು ಇದಕ್ಕಿಂತ ಸ್ವಚ್ಛವಾಗಿ ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ನಿಮ್ಮ ಕ್ಯಾಸೆಟ್‌ನಲ್ಲಿ ಇರುವುದು ಹಾಡಷ್ಟೇ ಅಲ್ಲ. ರೇಡಿಯೊದಿಂದ ಹಿಡಿದದ್ದು ಅಂದಮೇಲೆ ನಡುವೆ ಉದ್ಘೋಷಕರು ಕೋರಿಕೆ ಕಳಿಸಿದವರ ಹೆಸರು, ಊರು ಓದಿರಬಹುದು. ರೆಕಾರ್ಡರನ್ನು ರೇಡಿಯೊ ಎದುರಿಗಿಟ್ಟು ಹಿಡಿದಿದ್ದರೆ ಮನೆಯ ಮಾತು, ಪಾತ್ರೆ ಸದ್ದು, ಯಾರೋ ಅಪ್ಪನನ್ನು ಕರೆದದ್ದು ಕೂಡ ಇರಬಹುದು. ಸದ್ದು ತೆಗೆದು ಚೆಂದ ಮಾಡಿಕೊಡ್ತೀವಿ ಅನ್ನುವವರಿಗೆ ದಯವಿಟ್ಟು ಕೊಡಬೇಡಿ. ಮೊದಲಿಂದ ಕೊನೆವರೆಗೂ ಹೇಗಿದೆಯೋ ಹಾಗೇ ಇಡಿ.

ಪ್ರಶ್ನೆ: ಆಗ ಟಾಕೀಸಿನ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಅದು ಯಾಕೆ ನಿಂತುಹೋಯಿತು?
– ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ಪದ್ಯಾವಳಿ! ತೆಳು ಕಾಗದ, ಮಸಿ ಹರಡಿದ ಅಕ್ಷರ, ಮೊದಲು ಕಲಾವಿದರ ಹೆಸರು, ಆಮೇಲೆ ಕಥಾಸಾರಾಂಶ. ಕಥೆ ಸರಿಯಾಗಿ ರಂಗೇರುವ ಹೊತ್ತಿಗೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ಬರೆದಿರುತ್ತಿದ್ದರು. ರೇಡಿಯೊದಲ್ಲಿ ಹಾಡು ಯಾವಾಗ ಬರುತ್ತೋ ಗೊತ್ತಿರುತ್ತಿರಲಿಲ್ಲ, ಅದಕ್ಕೇ ಸಾಹಿತ್ಯ ಕೈಯಲ್ಲಿರಲಿ ಅಂತ ಜನ ಕೊಳ್ಳುತ್ತಿದ್ದರು. ಕ್ಯಾಸೆಟ್ ಅಗ್ಗವಾಗಿ ಮನೆಮನೆಗೆ ಬಂದ ಮೇಲೆ ಬೇಕಾದಾಗ ಹಾಕಿ, ನಿಲ್ಲಿಸಿ, ಬರೆದುಕೊಳ್ಳಬಹುದಾಯಿತು. ನಿಮ್ಮ ಹತ್ತಿರ ಹಳೆಯವು ಇದ್ದರೆ ರದ್ದಿಗೆ ಹಾಕಬೇಡಿ, ಸ್ಕ್ಯಾನ್ ಮಾಡಿಸಿ ಇಡಿ.

ಪ್ರಶ್ನೆ: ನಮ್ಮವರು ಹೋಗಿ ಎರಡು ವರ್ಷ ಆಯಿತು. ‘ಜೊತೆಯಲಿ’ ಅವರು ಅಡುಗೆಮನೆಗೆ ಬಂದು ಹಾಡುತ್ತಿದ್ದ ಹಾಡು. ಮಗ ಪ್ರೀತಿಯಿಂದಲೇ ಕಾರಿನಲ್ಲಿ ಹಾಕುತ್ತಾನೆ. ನನಗೆ ತಡೆಯಲಾಗುವುದಿಲ್ಲ. ಬೇಡ ಅಂದರೆ ಅವನಿಗೆ ಬೇಜಾರು. ಏನು ಮಾಡಲಿ?
– ಒಬ್ಬ ಓದುಗರು, ಮೈಸೂರು

ಉತ್ತರ: ಅಮ್ಮ, ಮಗನಿಗೆ ಹೇಳಿಬಿಡಿ. ಅವನು ನಿಮಗೆ ಖುಷಿಯಾಗಲಿ ಅಂತ ಹಾಕುತ್ತಿದ್ದಾನೆ, ನೋವಾಗುತ್ತಿದೆ ಅಂತ ಅವನಿಗೆ ಗೊತ್ತಿಲ್ಲ ಅಷ್ಟೇ. ‘ಸದ್ಯಕ್ಕೆ ಬೇಡ ಕಣೋ, ಕೇಳಬೇಕು ಅನ್ನಿಸಿದಾಗ ನಾನೇ ಹೇಳ್ತೀನಿ’ ಅಂದರೆ ಯಾವ ಮಗನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಡು ಎಲ್ಲೂ ಹೋಗುವುದಿಲ್ಲ. ಕೇಳಲೇಬೇಕು ಅಂತಲೂ ಇಲ್ಲ, ಮರೆಯಲೇಬೇಕು ಅಂತಲೂ ಇಲ್ಲ. ಯಾವತ್ತಾದರೂ ಮನಸ್ಸಾದರೆ ಕಾರಿನಲ್ಲಿ ಬೇಡ, ಮನೆಯಲ್ಲಿ ನಿಮಗೆ ಬೇಕಾದವರು ಪಕ್ಕದಲ್ಲಿ ಇರುವಾಗ ಹಾಕಿಸಿಕೊಳ್ಳಿ. ಅಪ್ಪ ಯಾವ ಸಾಲನ್ನು ತಪ್ಪು ಹಾಡುತ್ತಿದ್ದರು, ಎಲ್ಲಿ ದನಿ ಏರಿಸುತ್ತಿದ್ದರು ಅಂತ ಮಗನಿಗೆ ಹೇಳಿ. ಅವನಿಗೂ ಅಪ್ಪ ಬೇಕಾಗಿದ್ದಾರೆ.

ಪ್ರಶ್ನೆ: ನನಗೆ 22. ಅಮ್ಮನ ಫೋನಿನಲ್ಲಿ ‘ಗೀತಾ’ ಹಾಡು ಕೇಳಿ ಹುಚ್ಚು ಹಿಡಿದಿದೆ. ಮುಂದೆ ಏನು ಕೇಳಲಿ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ತಿಪಟೂರಿನ ಮಗಳಿಗೆ ನಿಮ್ಮ ಪತ್ರವನ್ನೇ ತೋರಿಸಬೇಕು! ಶಂಕರ್‌ನಾಗ್ ಅವರೇ ನಿರ್ದೇಶಿಸಿದ ‘ಜನ್ಮ ಜನ್ಮದ ಅನುಬಂಧ’ದಿಂದ ಶುರು ಮಾಡಿ. 1980ರ ಚಿತ್ರ, ಅದಕ್ಕೂ ಇಳಯರಾಜ ಸಂಗೀತ. ‘ತಂಗಾಳಿಯಲ್ಲಿ ನಾನು ತೇಲಿ ಬಂದೆ’ಯಲ್ಲಿ ಜಾನಕಿ ಒಬ್ಬರೇ ಇಡೀ ಹಾಡನ್ನು ಹೇಗೆ ಹೊತ್ತಿದ್ದಾರೆ ಗಮನಿಸಿ. ಅಲ್ಲಿಂದ 1983ರ ‘ಪಲ್ಲವಿ ಅನುಪಲ್ಲವಿ’ಗೆ ಬನ್ನಿ. ಮಣಿರತ್ನಂ ಅವರ ಮೊದಲ ಸಿನಿಮಾ ಅದು, ನಾಯಕ ಅನಿಲ್ ಕಪೂರ್. ಆರ್.ಎನ್. ಜಯಗೋಪಾಲ್ ಬರೆದ ‘ನಗುವ ನಯನ ಮಧುರ ಮೌನ’ ಮೊದಲು, ‘ನಗು ಎಂದಿದೆ ಮಂಜಿನ ಬಿಂದು’ ಆಮೇಲೆ. ಇಳಯರಾಜ ಸಾಕು, ಬೇರೆ ರುಚಿ ಬೇಕು ಅನ್ನಿಸಿದರೆ ‘ಆಟೋ ರಾಜ’ದ ‘ನಲಿವ ಗುಲಾಬಿ ಹೂವೆ’ ಇದೆ, ರಾಜನ್–ನಾಗೇಂದ್ರ ಅವರದು. ಅವರ ಹಾಡುಗಳ ಬಗ್ಗೆ ಬಂದ ಪತ್ರಗಳೇ ಒಂದು ಕಟ್ಟು ಇವೆ, ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ನಿಮ್ಮದನ್ನೂ ಈ ವಾರದಲ್ಲೇ ಕಳಿಸಿ.