ಅಂಗಡಿಯ ಕಂಪ್ಯೂಟರಿಗೆ ಹೊಸ ಸಿನಮನ್

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಲಿನಕ್ಸ್ ಮಿಂಟ್ 22 ಎಂಬ ಕಾರ್ಯಾಚರಣೆ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಅರ್ಜಿ, ಕರಪತ್ರ, ಲಗ್ನಪತ್ರಿಕೆಗಳನ್ನು ನುಡಿ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುತ್ತೇನೆ. ಅದರ ಡೆಸ್ಕ್‌ಟಾಪ್ ಆಗಿ ಈಗಿರುವ ಸಿನಮನ್ 6.2ರ ಬದಲು 6.4 ಹಾಕಿಕೊಳ್ಳಬೇಕೆಂದಿದ್ದೇನೆ. ಹೊರಗಿನ ಪಿಪಿಎ (ಬೇರೆಯವರು ನಡೆಸುವ ತಂತ್ರಾಂಶ ಭಂಡಾರ) ಸೇರಿಸಿದರೆ ಸಾಕೆಂದು ಸ್ನೇಹಿತರು ಹೇಳುತ್ತಾರೆ. ಹಾಗೆ ಮಾಡಬಹುದೇ? ಕನ್ನಡ ಟೈಪಿಂಗ್ ಕೆಟ್ಟರೆ ಅಂಗಡಿಯೇ ನಿಲ್ಲುತ್ತದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಆ ದಾರಿ ಹಿಡಿಯಬೇಡಿ. ಸಿನಮನ್ ಎಂಬುದು ಒಂದೇ ತಂತ್ರಾಂಶವಲ್ಲ. ವಿಂಡೋಗಳನ್ನು ನಿರ್ವಹಿಸುವ ಮಫಿನ್, ಕಡತಗಳನ್ನು ತೋರಿಸುವ ನೆಮೊ, ಒಳಗಿನ ಜಾವಾಸ್ಕ್ರಿಪ್ಟ್ ನಡೆಸುವ ಸಿಜೆಎಸ್ ಮೊದಲಾದ ಹಲವು ಪ್ಯಾಕೇಜುಗಳು ಒಂದಕ್ಕೊಂದು ಹೊಂದುವ ಆವೃತ್ತಿಯಲ್ಲಿದ್ದಾಗಲೇ ಅದು ಸರಿಯಾಗಿ ಕೆಲಸ ಮಾಡುತ್ತದೆ. ಅವುಗಳಲ್ಲಿ ಕೆಲವು ಮಾತ್ರ ಹೊಸದಾಗಿ, ಉಳಿದವು ಹಳೆಯದಾಗಿಯೇ ಉಳಿದರೆ, ಲಾಗಿನ್ ಆದ ಮೇಲೆ ಬರಿಯ ಕಪ್ಪು ಪರದೆ ಎದುರಾಗಬಹುದು.

ನೀವು ಬಯಸುವ 6.4 ಆವೃತ್ತಿಯು 2025ರ ಜನವರಿಯಲ್ಲಿ ಮಿಂಟ್ 22.1ರೊಂದಿಗೆ ಬಂದಿದೆ. ಮಿಂಟ್ 22, 22.1 ಎರಡಕ್ಕೂ ಉಬುಂಟು 24.04 ತಳಹದಿಯಾದ್ದರಿಂದ ಇದು ದೊಡ್ಡ ಬದಲಾವಣೆಯಲ್ಲ. ಅಪ್‌ಡೇಟ್ ಮ್ಯಾನೇಜರಿನಲ್ಲಿ ಬಾಕಿಯಿರುವುದನ್ನೆಲ್ಲ ಹಾಕಿ ರಿಫ್ರೆಶ್ ಒತ್ತಿದರೆ, 22.1 ಅಥವಾ ಅದೇ ಸರಣಿಯ ಇನ್ನೂ ಹೊಸ ಆವೃತ್ತಿಗೆ ಏರುವ ಆಯ್ಕೆ ಎಡಿಟ್ ಮೆನುವಿನಲ್ಲಿ ಕಾಣಿಸುತ್ತದೆ. ರಾತ್ರಿಯವರೆಗೂ ಪರದೆಯ ಮುಂದೆ ಕೂರುವವರಿಗೆ ಪರದೆಯ ನೀಲಿ ಬೆಳಕನ್ನು ತಗ್ಗಿಸುವ, 6.4ರಲ್ಲಿ ಸೇರಿರುವ ನೈಟ್ ಲೈಟ್ ನಿಜಕ್ಕೂ ಉಪಯುಕ್ತ.

ಆದರೆ ಅದಕ್ಕೆ ಮುನ್ನ, ವ್ಯವಸ್ಥೆಯ ಈಗಿನ ಸ್ಥಿತಿಯನ್ನು ಉಳಿಸಿಡುವ ತಂತ್ರಾಂಶವಾದ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಲೇಬೇಕು. ಅದು ತಾನಾಗಿ ಉಳಿಸುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ. ಹೋಮ್ ಫೋಲ್ಡರಿನಲ್ಲಿರುವ ಗ್ರಾಹಕರ ಲಗ್ನಪತ್ರಿಕೆಗಳು ಅದರಲ್ಲಿ ಸೇರುವುದಿಲ್ಲವಾದ್ದರಿಂದ ಅವನ್ನು ಬೇರೆ ಹಾರ್ಡ್ ಡಿಸ್ಕಿಗೆ ನಕಲಿಸಿಕೊಳ್ಳಿ. ಮಿಂಟ್ ತುಂಬಿದ ಪೆನ್‌ಡ್ರೈವ್ ಒಂದನ್ನೂ ಸಿದ್ಧವಾಗಿಟ್ಟುಕೊಳ್ಳಿ. ಕಂಪ್ಯೂಟರ್ ತೆರೆದುಕೊಳ್ಳದಿದ್ದರೆ ಅದರಿಂದಲೇ ಬೂಟ್ ಮಾಡಿ, ಟೈಮ್‌ಶಿಫ್ಟ್ ತೆರೆದು, ಹಳೆಯ ಸ್ಥಿತಿಗೆ ಮರಳಬಹುದು.

ಇನ್ನು ಟೈಪಿಂಗ್ ವಿಷಯ. ನೀವು ಕನ್ನಡದಂಥ ಭಾಷೆಗಳ ಟೈಪಿಂಗಿಗೆ ನೆರವಾಗುವ ಐಬಸ್ ತಂತ್ರಾಂಶ ಬಳಸುತ್ತಿದ್ದರೆ, ನುಡಿಯ ವಿನ್ಯಾಸವು (ಅಲ್ಲಿ ಅದರ ಹೆಸರು ಕೆಜಿಪಿ) ಹಲವು ಭಾಷೆಗಳ ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜಿನಿಂದ ಬರುತ್ತದೆಯೇ ಹೊರತು ಸಿನಮನ್‌ನಿಂದಲ್ಲ. ಆದರೂ ಮರುಚಾಲನೆಯಾದ ಕೂಡಲೇ ‘ಚಿತ್ರದುರ್ಗ’ ಎಂದು ಟೈಪ್ ಮಾಡಿ, ‘ತ’ದ ಕೆಳಗಿನ ರಕಾರದ ಒತ್ತು ಮತ್ತು ‘ಗ’ದ ಮುಂದಿನ ಅರ್ಕಾವತ್ತು ಸರಿಯಾಗಿ ಕೂತಿವೆಯೇ ಎಂದು ನೋಡಿ. ಕನ್ನಡವೇ ಮೂಡದಿದ್ದರೆ ಐಬಸ್ ಪ್ರಿಫರೆನ್ಸಸ್ ತೆರೆದು ಕೆಜಿಪಿಯನ್ನು ಮತ್ತೆ ಸೇರಿಸಿ. ಲಗ್ನದ ಹಂಗಾಮು ಕಳೆದ ಮೇಲೆ, ಅಂಗಡಿಗೆ ರಜೆಯಿರುವ ದಿನ ಈ ಕೆಲಸಕ್ಕೆ ಕೈ ಹಾಕಿರಿ.