525 ಪಟ್ಟಿನ ಟೆಲಿಸ್ಕೋಪ್ ಬೇಡ, ಬೈನಾಕ್ಯುಲರ್ ತಗೊಳ್ಳಿ: ರೋಣದ ಗೆಳೆಯರಿಗೆ ಉತ್ತರ

ರೋಣ ಕಡೆಯ ಗೆಳೆಯರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಮೊದಲನೆಯದು: ಹತ್ತು ಸಾವಿರ ತೆಗೆದಿಟ್ಟಿದ್ದೇನೆ, ‘525 ಪಟ್ಟು ದೊಡ್ಡದಾಗಿ ಕಾಣುತ್ತದೆ’ ಅಂತ ಬರೆದಿರುವ 60 ಮಿಲಿಮೀಟರ್ ಟೆಲಿಸ್ಕೋಪ್ ತಗೊಳ್ಳಲಾ, ಅದರಲ್ಲಿ ಎಷ್ಟು ದೂರ ಕಾಣುತ್ತದೆ? ಎರಡನೆಯದು: ‘ಅಲ್ಲಿಗೆ ಯಾರೂ ಹೋಗಲಾರದ ಮೇಲೆ ಸುಮ್ನೆ ನೋಡಿ ಏನು ಮಾಡ್ತೀ’ ಅಂತ ಮನೆಯಲ್ಲಿ ಕೇಳುತ್ತಾರೆ, ಏನು ಹೇಳಲಿ? ಅದರ ಕೆಳಗೆ ಇನ್ನೊಬ್ಬರು ‘ಐವತ್ತು ವರ್ಷ ತಡೀರಿ, ರಾಕೆಟ್ ಹೋಗೇ ಹೋಗುತ್ತೆ’ ಅಂತ ಬರೆದಿದ್ದಾರೆ. ಮೂರಕ್ಕೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಆ ಟೆಲಿಸ್ಕೋಪ್ ಬೇಡ. 525 ಎಲ್ಲಿಂದ ಬಂತು ನೋಡಿ. ಕೊಳವೆಯ ಫೋಕಲ್ ದೂರ, ಅಂದರೆ ಮುಂದಿನ ಮಸೂರದಿಂದ ಚಿತ್ರ ಮೂಡುವ ಜಾಗದವರೆಗಿನ ಅಂತರ, 700 ಮಿ.ಮೀ. ಜೊತೆಗೆ 4 ಮಿ.ಮೀ. ಕಣ್ಣುಮಸೂರ ಕೊಟ್ಟಿರುತ್ತಾರೆ. 700ನ್ನು 4ರಿಂದ ಭಾಗಿಸಿದರೆ 175. ಅದಕ್ಕೆ ಚಿತ್ರವನ್ನು ಮತ್ತೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರ ಸೇರಿಸಿದರೆ 525. ಲೆಕ್ಕವೇನೋ ಸರಿ. ಆದರೆ 60 ಮಿ.ಮೀ. ಮಸೂರ ತಡೆದುಕೊಳ್ಳುವುದು ಹೆಚ್ಚೆಂದರೆ 120 ಪಟ್ಟು, ಅಂದರೆ ಮಸೂರದ ಅಗಲದ ಎರಡರಷ್ಟು. ಅದಕ್ಕಿಂತ ಮೇಲೆ ಹೋದರೆ ಚಿತ್ರ ದೊಡ್ಡದಾಗುತ್ತದೆ, ಜೊತೆಗೆ ಮಂಕಾಗುತ್ತದೆ, ಕಲಸಿಹೋಗುತ್ತದೆ. ಆ ಸ್ಟ್ಯಾಂಡಿನ ಮೇಲೆ ಗುರುಗ್ರಹವನ್ನು ಹಿಡಿದು ನಿಲ್ಲಿಸುವುದೇ ಕಷ್ಟ. ಎಷ್ಟೋ ಮಕ್ಕಳು ಇದೇ ಕಾರಣಕ್ಕೆ ಆಕಾಶ ನೋಡುವುದನ್ನು ಬಿಟ್ಟುಬಿಡುತ್ತಾರೆ. ನನಗೆ ಬಹಳ ಬೇಜಾರಾಗುವ ವಿಷಯ ಇದು.

ಎಷ್ಟು ದೂರ ಕಾಣುತ್ತದೆ ಅನ್ನುವ ಪ್ರಶ್ನೆಗೆ ಬರೋಣ. ಬರಿಗಣ್ಣಿಗೇ 25 ಲಕ್ಷ ಜ್ಯೋತಿರ್ವರ್ಷ ದೂರ ಕಾಣುತ್ತದೆ (ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ). ಆಂಡ್ರೊಮೆಡಾ ಗೆಲಾಕ್ಸಿ ಇರುವುದು ಅಷ್ಟು ದೂರದಲ್ಲಿ. ನಿಮ್ಮ ಹೊಲದಲ್ಲಿ ಕತ್ತಲೆ ಚೆನ್ನಾಗಿದ್ದರೆ ಯಾವ ಸಲಕರಣೆಯೂ ಇಲ್ಲದೆ ಕಾಣುತ್ತದೆ. ಇಲ್ಲಿ ದೂರಕ್ಕಿಂತ ಮುಖ್ಯ, ಆ ವಸ್ತುವಿನಿಂದ ಎಷ್ಟು ಬೆಳಕು ನಿಮ್ಮ ಕಣ್ಣಿಗೆ ಬೀಳುತ್ತದೆ ಅನ್ನುವುದು. ಕತ್ತಲಲ್ಲಿ ಕಣ್ಣಿನ ಪಾಪೆ ಪೂರ್ತಿ ತೆರೆದರೆ 7 ಮಿ.ಮೀ. ಅಗಲ, ವಯಸ್ಸಾದಂತೆ ಇನ್ನೂ ಕಡಿಮೆ. 50 ಮಿ.ಮೀ. ಬೈನಾಕ್ಯುಲರ್ ಅದರ ಐವತ್ತು ಪಟ್ಟು ಬೆಳಕು ಹಿಡಿಯುತ್ತದೆ. ಹಾಗಾಗಿ ‘ಎಷ್ಟು ಪಟ್ಟು ದೊಡ್ಡದು’ ಅಂತ ಕೇಳಬೇಡಿ. ‘ಮಸೂರ ಎಷ್ಟು ಅಗಲ’ ಅಂತ ಕೇಳಿ, ಆಮೇಲೆ ‘ಅಲ್ಲಿ ಎಷ್ಟು ಕತ್ತಲೆ’ ಅಂತ ಕೇಳಿ. ಹುಬ್ಬಳ್ಳಿ-ಧಾರವಾಡದ ನಡುವೆ ಬೀದಿದೀಪದ ಕೆಳಗೆ ನಿಂತರೆ ದೊಡ್ಡ ಟೆಲಿಸ್ಕೋಪಿನಲ್ಲೂ ಆಂಡ್ರೊಮೆಡಾ ಒಂದು ಸಣ್ಣ ಮಂಕು ಕಲೆ. ರೋಣ, ನವಲಗುಂದದ ಎರಿ ಹೊಲದಲ್ಲಿ ಹತ್ತು ಪಟ್ಟಿನ ಬೈನಾಕ್ಯುಲರ್‌ಗೇ ಅದು ಉದ್ದಕ್ಕೆ ಚಾಚಿಕೊಂಡು ಕಾಣುತ್ತದೆ.

ಇನ್ನು ಹೋಗುವ ಮಾತು. ನಿಮ್ಮ ಮನೆಯವರು ಹೇಳಿದ್ದು ಸರಿಯಾಗಿಯೇ ಇದೆ, ಐವತ್ತು ವರ್ಷದ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೊಲದಲ್ಲೇ ಅಳೆದು ನೋಡಬಹುದು. ಬದುವಿನ ಮೇಲೆ ಒಂದು ಕಡಲೆ ಕಾಳು ಇಡಿ. ಅದು ಸೂರ್ಯ. ಅಲ್ಲಿಂದ ಒಂದು ಮೀಟರ್ ದೂರದಲ್ಲಿ ಭೂಮಿ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣ. ಇದೇ ಅಳತೆಯಲ್ಲಿ ಕೊನೆಯ ಗ್ರಹ ನೆಪ್ಚೂನ್ 30 ಮೀಟರ್ ದೂರ. ಮನುಷ್ಯ ಇದುವರೆಗೆ ಹೋಗಿರುವುದು ಚಂದ್ರನವರೆಗೆ ತಾನೇ? ಅದು ಇಲ್ಲಿ ಭೂಮಿಯಿಂದ ಮೂರು ಮಿಲಿಮೀಟರಿಗೂ ಕಡಿಮೆ. ಸೂರ್ಯನನ್ನು ನೋಡುವ ನಮ್ಮ ಆದಿತ್ಯ-ಎಲ್1 ನೌಕೆ ನಿಂತಿರುವ 15 ಲಕ್ಷ ಕಿಲೋಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಮನುಷ್ಯ ಕಳಿಸಿದ್ದರಲ್ಲಿ ಅತಿ ದೂರ ಹೋಗಿರುವುದು ವಾಯೇಜರ್-1. 1977ರ ಸೆಪ್ಟೆಂಬರ್ 5ರಂದು ಹೊರಟಿದ್ದು, ಈಗ 170 ಮೀಟರ್ ಆಸುಪಾಸಿನಲ್ಲಿದೆ. ವರ್ಷಕ್ಕೆ ಮೂರೂವರೆ ಮೀಟರ್‌ನಂತೆ ಸಾಗುತ್ತಿದೆ. ಹಾಗಾದರೆ ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಎಲ್ಲಿ? 268 ಕಿಲೋಮೀಟರ್ ಆಚೆ. ಹುಬ್ಬಳ್ಳಿಯಲ್ಲಿ ಕಡಲೆ ಇಟ್ಟರೆ, ಹಕ್ಕಿ ಹಾರುವ ದಾರಿಯಲ್ಲಿ ಹೆಚ್ಚುಕಡಿಮೆ ಮಂಗಳೂರು. ನಡುವೆ ಇನ್ನೊಂದು ನಕ್ಷತ್ರ ಇಲ್ಲ.

ವಾಯೇಜರ್ ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ. ಆ ವೇಗದಲ್ಲಿ ಪ್ರಾಕ್ಸಿಮಾಕ್ಕೆ ಸುಮಾರು 75,000 ವರ್ಷ ಬೇಕು. ಅದು ಆ ಕಡೆ ಹೋಗುತ್ತಲೂ ಇಲ್ಲ. ಅದರ ಟ್ರಾನ್ಸ್‌ಮಿಟರ್ ಬರೀ 23 ವಾಟ್ ಆಸುಪಾಸು. ಆ ಸಂಕೇತ ಇಲ್ಲಿಗೆ ಬರಲು 23 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಭೂಮಿಯ ಮೇಲಿರುವ 70 ಮೀಟರ್ ಅಗಲದ ಡಿಶ್‌ಗಳು ಆ ಪಿಸುಮಾತನ್ನು ಹಿಡಿಯುತ್ತವೆ. ಅದಕ್ಕೆ ವಿದ್ಯುತ್ ಕೊಡುವ ಒಳಗಿನ ಪ್ಲುಟೋನಿಯಂ ವರ್ಷವರ್ಷ ಸೊರಗುತ್ತಿರುವುದರಿಂದ ಒಂದೊಂದೇ ಉಪಕರಣ ಆರಿಸುತ್ತ ಬಂದಿದ್ದಾರೆ.

ಇನ್ನೂ ಜೋರಾಗಿ ಓಡಿಸಬಹುದಲ್ವಾ ಅಂತ ಕೇಳಬಹುದು. ಸೂರ್ಯನನ್ನು ಹತ್ತಿರದಿಂದ ನೋಡಲು ಕಳಿಸಿದ ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಪಕ್ಕ ಹಾದುಹೋಗುವಾಗ ಸೆಕೆಂಡಿಗೆ ಸುಮಾರು 192 ಕಿ.ಮೀ. ಮುಟ್ಟಿತು. ಆದರೆ ಅದು ಸೂರ್ಯನ ಎಳೆತದಲ್ಲಿ ಬಿದ್ದು ಬಂದ ವೇಗ. ಹೊರಗೆ ಹೋಗುವಾಗ ಅದೇ ಎಳೆತ ಹಿಂದಕ್ಕೆ ಜಗ್ಗುತ್ತದೆ. ಸ್ವಂತ ಬಲದಿಂದ ಹೋಗಬೇಕು ಅಂದರೆ ಇಂಧನ ಬೇಕು, ಆ ಇಂಧನದ ಭಾರ ಹೊರಲು ಇನ್ನಷ್ಟು ಇಂಧನ ಬೇಕು. ಒಂದು ಲೆಕ್ಕ ಮಾಡಿ ನೋಡಿ. ಒಂದೇ ಒಂದು ಕಿಲೋ ತೂಕವನ್ನು ಬೆಳಕಿನ ವೇಗದ ಹತ್ತನೇ ಒಂದು ಭಾಗಕ್ಕೆ ತರಲು, ಒಂದು ಚೂರೂ ಪೋಲಾಗದೆ ಹೋದರೂ 12.5 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಅಲ್ಲಿ ನಿಲ್ಲಬೇಕಾದರೆ ಮತ್ತೆ ಅಷ್ಟೇ ಬ್ರೇಕ್ ಹಾಕಬೇಕು. ಅಷ್ಟಾದರೂ ಪ್ರಯಾಣ 42 ವರ್ಷದ ಮೇಲೆ. ಮನುಷ್ಯ, ಅವನ ಅನ್ನ, ನೀರು, ಗಾಳಿ ಎಲ್ಲ ಎಷ್ಟು ಕಿಲೋ ಆಗುತ್ತದೆ ಯೋಚಿಸಿ. ಜಾಣ್ಮೆ ಬೆಳೆದ ಹಾಗೆ ಸಣ್ಣ ಉಪಕರಣಗಳು ಇನ್ನೂ ದೂರ ಹೋಗುತ್ತವೆ, ಹೋಗಲಿ ಅನ್ನುವುದು ನನ್ನ ಆಸೆ ಕೂಡ. ಆದರೆ ಬೆಳಕಿನ ವೇಗವಾದ ಸೆಕೆಂಡಿಗೆ 2,99,792 ಕಿ.ಮೀ. ಅನ್ನುವ ಬೇಲಿಯನ್ನು ಯಾವ ರಾಕೆಟ್ಟೂ ದಾಟುವುದಿಲ್ಲ.

ಇದರ ಆಚೆ ಇನ್ನೊಂದು ಬೇಲಿ ಇದೆ. ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ ಅಂತ 1929ರಲ್ಲಿ ಎಡ್ವಿನ್ ಹಬಲ್ ತೋರಿಸಿದರು. ಆ ಸರಿಯುವಿಕೆ ಜೋರಾಗುತ್ತಿದೆ ಅಂತ 1998ರಲ್ಲಿ ಗೊತ್ತಾಯಿತು. ಇದರ ಪರಿಣಾಮ ಏನು ಅಂದರೆ, ಸುಮಾರು 1,700 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಇರುವ ಗೆಲಾಕ್ಸಿಯ ಕಡೆಗೆ ಇವತ್ತು ಇಲ್ಲಿಂದ ಬೆಳಕನ್ನೇ ಕಳಿಸಿದರೂ ಅದು ಎಂದಿಗೂ ತಲುಪುವುದಿಲ್ಲ. ನಡುವಿನ ಜಾಗವೇ ಹಿಗ್ಗುತ್ತ ಹೋಗುತ್ತದೆ. ಆದರೆ ನಮಗೆ ಕಾಣುವ ವಿಶ್ವ 4,600 ಕೋಟಿ ಜ್ಯೋತಿರ್ವರ್ಷದವರೆಗೆ ಹರಡಿದೆ. ಅದರ ಗಾತ್ರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಭಾಗ ಕಾಣುತ್ತದೆ, ಆದರೆ ಮುಟ್ಟಲಾಗುವುದಿಲ್ಲ. ನನಗೆ ಇದು ನಿರಾಸೆಯ ಸುದ್ದಿ ಅಂತ ಯಾವತ್ತೂ ಅನ್ನಿಸಿಲ್ಲ. ಹೋಗಲಾಗದ ಜಾಗದಿಂದಲೂ ಬೆಳಕು ಬಂದಿದೆ, ನಾವು ಹುಟ್ಟುವ ಮೊದಲೇ ಹೊರಟು ಬಂದಿದೆ.

ಮನೆಯವರಿಗೆ ಹೇಳಬೇಕಾದ್ದು ಇದನ್ನೇ. ನಕ್ಷತ್ರಗಳ ಬಗ್ಗೆ ನಮಗೆ ಗೊತ್ತಿರುವುದೆಲ್ಲ ನೋಡಿಯೇ ಗೊತ್ತಾಗಿದ್ದು. ನಮ್ಮ ಸೀಮೆಗೆ ಹತ್ತಿರದ ಉದಾಹರಣೆಯೇ ಇದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಉತ್ತರಕ್ಕೆ ಹಾದುಹೋಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ, ಬೆಳಕನ್ನು ಬಣ್ಣಗಳಾಗಿ ಒಡೆಯುವ ರೋಹಿತದರ್ಶಕ ಇಟ್ಟುಕೊಂಡು ಕಾದಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಇದ್ದರು. ಸೂರ್ಯನ ಅಂಚಿನ ಜ್ವಾಲೆಗಳು ಕಾದು ಹೊಳೆಯುವ ಅನಿಲ ಅಂತ ಆ ಗ್ರಹಣದಲ್ಲಿ ಖಚಿತವಾಯಿತು. ಅಲ್ಲಿ ಕಂಡ ಒಂದು ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಆ ಗೆರೆಯ ಹಿಂದಿನ ಹೊಸ ವಸ್ತುವಿಗೆ ಹೀಲಿಯಂ ಅಂತ ಹೆಸರಿಟ್ಟರು. ಅದೇ ಹೀಲಿಯಂ ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ. ಸೂರ್ಯನಿಗೆ ಯಾರೂ ಹೋಗಿರಲಿಲ್ಲ.

ಸರಿ, ಈಗ ಕೆಲಸದ ಮಾತು. ಒಳ್ಳೆಯ 10×50 (ಹತ್ತು ಪಟ್ಟು, 50 ಮಿ.ಮೀ. ಮಸೂರ) ಬೈನಾಕ್ಯುಲರ್ ತಗೊಳ್ಳಿ, ನಿಮ್ಮ ದುಡ್ಡಿನಲ್ಲಿ ಆಗುತ್ತದೆ. ಕೈ ನಡುಗುತ್ತದೆ ಅನ್ನುವವರಿಗೆ 7×50 ಇನ್ನೂ ಒಳ್ಳೆಯದು. ಮೊದಲ ನೋಟಕ್ಕೆ ಎಳ್ಳಮಾವಾಸ್ಯೆಗಿಂತ ಒಳ್ಳೆಯ ರಾತ್ರಿ ನಮ್ಮ ಕಡೆ ಇಲ್ಲ. ಚಂದ್ರ ಇರುವುದಿಲ್ಲ, ಗಾಳಿ ಒಣಗಿರುತ್ತದೆ, ಚರಗ ಚೆಲ್ಲಲು ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿರುತ್ತೀರಿ. ಕತ್ತಲಾಗುವವರೆಗೆ ಅಲ್ಲೇ ಇರಿ. ದೀಪಾವಳಿ ಅಮಾವಾಸ್ಯೆಯೂ ಕತ್ತಲೆಯೇ, ಆದರೆ ಪಟಾಕಿ ಹೊಗೆ.

ಅವತ್ತು ರಾತ್ರಿ ಎಂಟರ ಸುಮಾರಿಗೆ ಪೂರ್ವದ ಕಡೆ ಮೇಲೆ ಕೃತ್ತಿಕೆಯ ಗೊಂಚಲು, ಅದರ ಕೆಳಗೆ ಕೆಂಪು ರೋಹಿಣಿ. ರೋಹಿಣಿ ಮಳೆಗೆ ಹೆಸರು ಬಿತ್ತಲು ಕಾಯುತ್ತೇವಲ್ಲ, ಆಗ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲೇ ಇರುವುದರಿಂದ ಅದು ಕಾಣುವುದಿಲ್ಲ. ನೋಡಬೇಕಾದರೆ ಚಳಿಗಾಲವೇ ಬೇಕು. ರೋಹಿಣಿ 65 ಜ್ಯೋತಿರ್ವರ್ಷ ದೂರ. ಮನೆಯಲ್ಲಿ 65ರ ಆಸುಪಾಸಿನವರು ಇದ್ದರೆ ಅವರಿಗೇ ಮೊದಲು ತೋರಿಸಿ, ಅವರು ಹುಟ್ಟಿದ ಕಾಲದ ಬೆಳಕು ಅದು. ಕೃತ್ತಿಕೆ 440ರ ಸುಮಾರು. ಎರಡೂ ಪಕ್ಕಪಕ್ಕ ಕಂಡರೂ ನಡುವೆ ಅಷ್ಟು ಅಂತರ.

ಆಂಡ್ರೊಮೆಡಾ ಹುಡುಕುವುದು ಹೀಗೆ. ವಾಯವ್ಯದ ಕಡೆ ತಿರುಗಿ. ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳು ಸೇರಿ ದೊಡ್ಡ ಚೌಕ ಆಗುತ್ತದೆ. ಅದರ ಈಶಾನ್ಯ ಮೂಲೆಯಿಂದ ಒಂದು ಸಾಲು ಹೊರಡುತ್ತದೆ. ಮೂಲೆಯದನ್ನು ಬಿಟ್ಟು ಎರಡನೆಯ ನಕ್ಷತ್ರಕ್ಕೆ ಹೋಗಿ, ಅಲ್ಲಿಂದ ಧ್ರುವದ ಕಡೆಗೆ ವಾಲಿ ಎರಡು ಮಂಕು ಚುಕ್ಕೆ ದಾಟಿದರೆ ಬಿಳಿ ಮಬ್ಬು. ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ಅಂಚು ಮಂಕು ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ ಕಾಯಬೇಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಆದರೆ ಹೊಲದಲ್ಲಿ ಓಡಾಡುವಾಗ ಮಾತ್ರ ಬಿಳಿ ಟಾರ್ಚ್, ಕಾಲಿಗೆ ಬೂಟು. ಕೊಳಕುಮಂಡಲದ ಕಾಟ ಎರಿ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ.

ಬೇಸಿಗೆಯಲ್ಲಿ ತಪ್ಪಿಸಿಕೊಳ್ಳಬಾರದ್ದು ಇನ್ನೊಂದು ಇದೆ. ಪ್ರಾಕ್ಸಿಮಾ ಬರಿಗಣ್ಣಿಗೆ ಕಾಣದು, ಆದರೆ ಅದರ ಮನೆತನದ ದೊಡ್ಡಣ್ಣ ಆಲ್ಫಾ ಸೆಂಟಾರಿ ನಮಗೆ ಚೆನ್ನಾಗಿ ಕಾಣುತ್ತದೆ. ದಿಲ್ಲಿಯವರಿಗೆ ಈ ಭಾಗ್ಯ ಇಲ್ಲವೇ ಇಲ್ಲ ಅನ್ನಬಹುದು, ಅವರ ದಿಗಂತಕ್ಕೆ ಅಂಟಿಕೊಂಡೇ ಇರುತ್ತದೆ. ಗದಗದಲ್ಲಿ 14 ಡಿಗ್ರಿವರೆಗೆ ಏರುತ್ತದೆ. ಏಪ್ರಿಲ್ ಕೊನೆಯಲ್ಲಿ ಬೆಳಗಿನ ಜಾವ ಒಂದರ ಸುಮಾರಿಗೆ, ಮೇ ಎರಡನೇ ವಾರದಲ್ಲಿ ನಡುರಾತ್ರಿ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎರಡು ಪ್ರಖರ ನಕ್ಷತ್ರಗಳು ಮೂರು ಬೆರಳ ಅಂತರದಲ್ಲಿ ಕಾಣುತ್ತವೆ. ಎಡಗಡೆಯದು ಆಲ್ಫಾ, 4.4 ಜ್ಯೋತಿರ್ವರ್ಷ. ಬಲಗಡೆಯದು ಹದಾರ್, ಸುಮಾರು 390. ಕಣ್ಣಿಗೆ ಜೋಡಿ ದೀಪ, ಆದರೆ ಒಂದಕ್ಕಿಂತ ಇನ್ನೊಂದು ತೊಂಬತ್ತು ಪಟ್ಟು ಆಚೆ. ನಾನು ಹೊಸಬರಿಗೆ ವಿಶ್ವದ ಆಳ ತೋರಿಸುವುದು ಈ ಜೋಡಿಯಿಂದಲೇ. ಇವಕ್ಕಿಂತ ಬಲಕ್ಕೆ ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ. ಆಲ್ಫಾ ಒಂದಲ್ಲ ಎರಡು ನಕ್ಷತ್ರ ಅಂತ 1689ರಲ್ಲಿ ಪುದುಚೇರಿಯಿಂದ ಪಾದ್ರಿ ಜಾಂ ರಿಶೋ ಕಂಡುಕೊಂಡರು, ಅವರು ನೋಡುತ್ತಿದ್ದದ್ದು ಒಂದು ಧೂಮಕೇತುವನ್ನು. ಬೈನಾಕ್ಯುಲರ್‌ನಲ್ಲಿ ಅವು ಬೇರೆಯಾಗುವುದಿಲ್ಲ, ಸಣ್ಣ ಟೆಲಿಸ್ಕೋಪ್‌ನಲ್ಲಿ ಆಗುತ್ತವೆ.

ಇದಕ್ಕೆ ದಕ್ಷಿಣ ದಿಗಂತ ಬಯಲಾಗಿರಬೇಕು. ರೋಣ, ನರಗುಂದ, ನವಲಗುಂದದ ಬಯಲು ಹೇಳಿ ಮಾಡಿಸಿದ ಜಾಗ. ಕಲಘಟಗಿ, ಅಳ್ನಾವರ ಕಡೆಯವರಿಗೆ ಮರ ಅಡ್ಡ ಬರುತ್ತವೆ, ಕೆರೆಯ ಉತ್ತರ ದಂಡೆ ಹುಡುಕಿಕೊಳ್ಳಿ. ಹೆದ್ದಾರಿಯಿಂದ ದೂರ ಇರಿ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬಂದು ಹೋದ ಮೇಲೆ ಧೂಳು ಕೂತು ಆಕಾಶ ತೊಳೆದಂತೆ ಆಗುತ್ತದೆ. ಅಂಥ ರಾತ್ರಿ ಮಲಗಬೇಡಿ.

ಬೈನಾಕ್ಯುಲರ್ ಕೊಳ್ಳುವಾಗ ಮೂರು ನೋಡಿ. ತೋಳಳತೆ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಕಣ್ಣುಮಸೂರದಲ್ಲಿ ಕಾಣುವ ಬೆಳಕಿನ ಬಿಲ್ಲೆ ಪೂರ್ತಿ ದುಂಡಗಿರಬೇಕು, ಅಂಚು ಕತ್ತರಿಸಿದಂತೆ ಇರಬಾರದು. ದೂರದ ಕಂಬ ನೋಡಿದರೆ ಎರಡಾಗಿ ಕಾಣಬಾರದು, ತಲೆನೋವು ಬರಬಾರದು. ಮುಂದೆ ಟ್ರೈಪಾಡ್ ತಿರುಪು ಇರಬೇಕು. ಸೂರ್ಯನ ಕಡೆ ಯಾವತ್ತೂ ತಿರುಗಿಸಬೇಡಿ, ಮಕ್ಕಳಿಗೂ ಹೇಳಿ, ಕಣ್ಣು ಕ್ಷಣದಲ್ಲಿ ಹೋಗುತ್ತದೆ. ಎರಿ ಮಣ್ಣಿನ ಧೂಳನ್ನು ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಮೊದಲು ಊದುವ ರಬ್ಬರ್ ಬಲೂನಿನಿಂದ ಹಾರಿಸಿ. ಮಿರಗ ಮಳೆ ಶುರುವಾಗುವ ಹೊತ್ತಿಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಇಲ್ಲದಿದ್ದರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಜೆಲ್ ಕಾಳಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ನಿಮ್ಮ ಹತ್ತಿರ ಹಳೆಯ ಕ್ಯಾಮೆರಾ ಟ್ರೈಪಾಡ್ ಇದೆಯಾ ತಿಳಿಸಿ. ಇದ್ದರೆ ಬೈನಾಕ್ಯುಲರನ್ನು ಅದರ ಮೇಲೆ ಕೂರಿಸುವ ಒಂದು ಎಲ್-ಕ್ಲ್ಯಾಂಪ್ ಸಾಕು, ಹೊಸ ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ.