ಭಾಗ್ಯಲಕ್ಷ್ಮಿಗೆ ಅರ್ಜಿ ಹಾಕೋದು ವ್ಯರ್ಥವಾ? ನಮ್ಮ ಮನೆಯ ಬಾಂಡಿನ ಕಥೆ ಕೇಳಿ

ನೀವು ಕೇಳಿರೋದು ಇಷ್ಟು: ಬಿಪಿಎಲ್ ಕಾರ್ಡ್ ಇದೆ, ಮಗಳಿಗೆ ಏಳು ತಿಂಗಳು, ಬಡ ಮನೆಯ ಹೆಣ್ಣುಮಕ್ಕಳ ಹೆಸರಲ್ಲಿ ರಾಜ್ಯ ಸರ್ಕಾರ ದುಡ್ಡು ಇಡೋ ಭಾಗ್ಯಲಕ್ಷ್ಮಿ ಯೋಜನೆಗೆ ಅರ್ಜಿ ಹಾಕಿ ಅಂತ ಅಂಗನವಾಡಿ ಟೀಚರ್ ಬೆನ್ನು ಹತ್ತಿದ್ದಾರೆ. ಸರ್ಕಾರ ವರ್ಷಕ್ಕೆ 3,000 ಕಟ್ಟುತ್ತೆ, 21 ವರ್ಷಕ್ಕೆ 1.27 ಲಕ್ಷ ಬರುತ್ತೆ. ಆ ಹೊತ್ತಿಗೆ ಅಷ್ಟು ದುಡ್ಡಿಗೆ ಏನು ಬಂದೀತು, ಇದಕ್ಕಾಗಿ ಕೂಲಿ ಬಿಟ್ಟು ಓಡಾಡಬೇಕಾ?

ಓಡಾಡಿ. ಆದರೆ ಆ ದುಡ್ಡಿನಿಂದ ಮದುವೆಯಾಗುತ್ತೆ, ಓದು ಮುಗಿಯುತ್ತೆ ಅನ್ನೋ ಲೆಕ್ಕ ಇಟ್ಟುಕೊಂಡು ಅಲ್ಲ.

ನಾನು ಹಾವೇರಿ ಕಡೆಯವನು, ಚಿಕ್ಕದೊಂದು ಕಂಪ್ಯೂಟರ್ ಸೆಂಟರ್ ಇದೆ. ದಿನಾ ಜನರ ಅರ್ಜಿ ತುಂಬೋದೇ ಕೆಲಸ. ನಮ್ಮ ತಂಗಿಯ ಮಗಳು ಹುಟ್ಟಿದ್ದು 2007ರಲ್ಲಿ, ಯೋಜನೆ ಶುರುವಾದ ಮರುವರ್ಷ. ಹೋದ ವರ್ಷ ಅವಳಿಗೆ ಹದಿನೆಂಟು ತುಂಬಿ, ಆಗ ಯೋಜನೆಯಲ್ಲಿ ಕೊಟ್ಟಿದ್ದ ಎಲ್‌ಐಸಿ ಬಾಂಡಿನ ದುಡ್ಡು ಕೈಗೆ ಬಂತು. ಬಂದದ್ದು 34,751 ರೂಪಾಯಿ.

ಮನೆಯಲ್ಲಿ ಎಲ್ಲರ ಮುಖ ಇಳಿದುಹೋಯ್ತು. ಯಾಕಂದ್ರೆ ಊರೆಲ್ಲ ಅದನ್ನು 'ಲಕ್ಷದ ಬಾಂಡು' ಅಂತಲೇ ಕರೆಯೋದು. ಆ ಲಕ್ಷ 2008ರ ಆಗಸ್ಟ್ ಒಂದರಿಂದ ಈಚೆಗೆ ಹುಟ್ಟಿದವರಿಗೆ. ಅವರ ಹೆಸರಲ್ಲಿ ಸರ್ಕಾರ ಎಲ್‌ಐಸಿಯಲ್ಲಿ ಇಟ್ಟದ್ದು 19,300, ಎರಡನೇ ಮಗಳಾದರೆ 18,350. ಅದಕ್ಕೂ ಮೊದಲು ಹುಟ್ಟಿದವರಿಗೆ ಇಟ್ಟದ್ದೇ 10,000. ಬಾಂಡಿನ ಮೇಲೆ ಮೊತ್ತ ಅಚ್ಚಾಗಿಯೇ ಇತ್ತು. ಹದಿನೆಂಟು ವರ್ಷ ಯಾರೂ ಓದಿರಲಿಲ್ಲ, ಅಷ್ಟೇ.

ಈಗ ನಿಮ್ಮ ಅನುಮಾನಕ್ಕೆ ಬರ್ತೀನಿ. ಹತ್ತು ಸಾವಿರ ಹದಿನೆಂಟು ವರ್ಷಕ್ಕೆ 34,751 ಆಯ್ತು ಅಂದ್ರೆ ಸುಮಾರು ಏಳು ಪರ್ಸೆಂಟ್ ಚಕ್ರಬಡ್ಡಿ. ಕೆಟ್ಟದ್ದೇನಲ್ಲ, ಹೆಚ್ಚೂ ಅಲ್ಲ. ನಮ್ಮ ಭಾವ ಆವತ್ತೇ ಒಂದು ಮಾತು ಆಡಿದ: "2007ರಾಗ ಹತ್ತು ಸಾವಿರಕ್ಕ ಹತ್ತತ್ರ ಹತ್ತು ಗ್ರಾಂ ಬಂಗಾರ ಬರ್ತಿತ್ತು. ಅದನ್ನ ಇಟ್ಟಿದ್ರ ಈಗ ಲಕ್ಷ ದಾಟ್ತಿತ್ತು." ಲೆಕ್ಕ ಸರಿಯೇ ಇದೆ. ಆದರೆ ಅದೇ ಭಾವ ಆ ಹದಿನೆಂಟು ವರ್ಷದಲ್ಲಿ ತಂಗಿಯ ಬೋರಮಾಳ ಸರವನ್ನು ನಾಲ್ಕು ಸಲ ಅಡವಿಟ್ಟಿದ್ದಾನೆ, ಎರಡು ಸಲ ಬೋರ್‌ವೆಲ್‌ಗೆ, ಒಂದು ಸಲ ಗೋವಿನಜೋಳದ ಬೀಜ-ಗೊಬ್ಬರಕ್ಕೆ, ಇನ್ನೊಂದು ಸಲ ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾಲ್ಕನೇ ಸಲ ಹೋದದ್ದು ವಾಪಸ್ ಬರಲಿಲ್ಲ. ಮಗಳ ಹೆಸರಿನ ಹತ್ತು ಗ್ರಾಂ ಮನೆಯಲ್ಲಿದ್ದಿದ್ದರೆ ಅದೂ ಅದೇ ದಾರಿ ಹಿಡಿಯುತ್ತಿತ್ತು. ಬಾಂಡು ಉಳಿದದ್ದು ಅದರ ಮೇಲೆ ಯಾವ ಸೇಠ್‌ಜೀಯೂ ಸಾಲ ಕೊಡೋದಿಲ್ಲ ಅನ್ನೋ ಕಾರಣಕ್ಕೆ. ನಮ್ಮಂಥ ಮನೆಗಳಲ್ಲಿ ಬಡ್ಡಿ ದರಕ್ಕಿಂತ ಅಪ್ಪನ ಕೈಗೆ ಎಟುಕದಿರೋದೇ ದೊಡ್ಡ ಲಾಭ. ನಾನೂ ಇಬ್ಬರು ಮಕ್ಕಳ ಅಪ್ಪ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಳ್ಳೋರ ಪೈಕಿಯೇ.

ಇನ್ನೊಂದು ಲಾಭ ಯಾವ ಲೆಕ್ಕದಲ್ಲೂ ಬರಲ್ಲ. ಹುಡುಗಿಗೆ ಹದಿನೇಳು ನಡೀತಿದ್ದಾಗ ರಾಣೆಬೆನ್ನೂರು ಕಡೆಯಿಂದ ಒಂದು ಗಂಡು ಬಂತು. ನೀರಾವರಿ ಹೊಲ, ಒಬ್ಬನೇ ಮಗ. ಭಾವ ಅರ್ಧ ಒಪ್ಪಿಯಾಗಿತ್ತು. ಹದಿನೆಂಟಕ್ಕೆ ಮೊದಲು ಮದುವೆ ಮಾಡೋದು ಅಪರಾಧ ಅಂತ ನಾನು ಕಾನೂನು ಹೇಳಿದರೆ, "ಊರಾಗ ಯಾರೂ ಮಾಡಿಲ್ಲೇನು?" ಅಂತ ನನ್ನ ಬಾಯಿ ಮುಚ್ಚಿಸಿದ್ದರು. ಆಗ ಮೂಲೆಯಲ್ಲಿ ಎಲೆ-ಅಡಿಕೆ ಹಾಕಿಕೊಂಡು ಕೂತಿದ್ದ ಭಾವನ ಅವ್ವ ಒಂದೇ ಮಾತು ಅಂದಳು: "ಬಾಂಡಿನ ರೊಕ್ಕ ಹೋಗತೈತಲ್ಲೋ." ಹದಿನೆಂಟರೊಳಗೆ ಮದುವೆಯಾದರೆ ದುಡ್ಡಿಲ್ಲ, ಕನಿಷ್ಠ ಎಂಟನೇ ತರಗತಿ ಓದಿರಬೇಕು, ಬಾಲಕಾರ್ಮಿಕಳಾಗಿರಬಾರದು, ಇವು ಯೋಜನೆಯ ಷರತ್ತು. ಮುದುಕಿಗೆ ಅಂಗನವಾಡಿ ಟೀಚರ್ ಎಂದೋ ಹೇಳಿದ್ದು ನೆನಪಿತ್ತು. ಮಾತು ಅಲ್ಲಿಗೇ ನಿಂತಿತು, ಗಂಡಿನವರು ಬೇರೆ ಕಡೆ ನೋಡಿಕೊಂಡರು. ಆಗ ಎಲ್ಲರೂ ಅದನ್ನು ಲಕ್ಷ ಅಂದುಕೊಂಡಿದ್ದರು ಅನ್ನೋದೂ ಇಲ್ಲಿ ಸಹಾಯಕ್ಕೆ ಬಂತು ಅನ್ನಿ.

ಇನ್ನು ಓಡಾಟ. ಅದನ್ನು ಮುಚ್ಚಿಡಲ್ಲ, ಇದೆ. ತಂಗಿ ಬಾಂಡನ್ನು ರೇಷನ್ ಕಾರ್ಡಿನ ಜೊತೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ತೆಗೆದು ನೋಡಿದರೆ ಮಡಿಕೆ ಇದ್ದಲ್ಲೆಲ್ಲ ಹರಿಯೋ ಹಾಗಾಗಿತ್ತು. ಅದಾದರೂ ಪರವಾಗಿಲ್ಲ. ಅದರಲ್ಲಿದ್ದ ಹೆಸರೇ ಬೇರೆ! ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಅಂಗನವಾಡಿ ರಿಜಿಸ್ಟರಿಗೆ ಹೋಗಿತ್ತು, ಶಾಲೆಗೆ ಸೇರಿಸುವಾಗ ಭಾವ ತನಗಿಷ್ಟದ ಇನ್ನೊಂದು ಹೆಸರು ಬರೆಸಿದ್ದ. ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲದರಲ್ಲೂ ಅದೇ. ಇಬ್ಬರೂ ಒಬ್ಬಳೇ ಅಂತ ಸಾಬೀತು ಮಾಡೋಕೆ ಅಫಿಡವಿಟ್, ಶಾಲೆಯಿಂದ ದೃಢೀಕರಣ, ಒಂದು ಕಚೇರಿಗೆ ಆರು ಸಲ ಓಡಾಟ. ಮೂರನೇ ಸಲ "ಸಾಹೇಬ್ರು ಮೀಟಿಂಗಲ್ಲಿದಾರೆ", ನಾಲ್ಕನೇ ಸಲ "ಸರ್ವರ್ ಇಲ್ಲ". ಅರ್ಜಿ ತುಂಬೋದೇ ಕಸುಬಾಗಿರೋ ನನಗೇ ಇಷ್ಟು ಆಯ್ತು. ಹಾಗಾಗಿ ನಿಮ್ಮ ಮಗಳಿಗೆ ಹೆಸರು ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಮೊದಲು ಅದನ್ನು ತೀರ್ಮಾನಿಸಿ, ಜನನ ಪ್ರಮಾಣಪತ್ರದಲ್ಲಿ ಹಾಕಿಸಿ, ಆಮೇಲೆ ಅರ್ಜಿ. ಇನಿಷಿಯಲ್ ಸಹಿತ ಅದೇ ಎಲ್ಲ ಕಡೆ ಇರಲಿ. ಆದರೆ ಮಗಳಿಗೆ ವರ್ಷ ತುಂಬುವ ಮೊದಲೇ ಮುಗಿಸಿಬಿಡಿ.

ಹೀಗೆ ಇಟ್ಟ ದುಡ್ಡು ಕೈಗೆ ಸಿಗೋಕೆ ತೊಡಕಾಗೋದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2002ರ ಸೆಪ್ಟೆಂಬರಿನಿಂದ 2011ರ ಜನವರಿ ಆರಂಭದವರೆಗೆ ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಸರ್ಕಾರ 250 ಪೌಂಡ್, ಬಡವರಾದರೆ 500 ಪೌಂಡ್ ಹಾಕಿ ಚೈಲ್ಡ್ ಟ್ರಸ್ಟ್ ಫಂಡ್ ಅಂತ ಖಾತೆ ತೆರೆದಿತ್ತು. 2020ರಿಂದ ಆ ಮಕ್ಕಳಿಗೆ ಹದಿನೆಂಟು ತುಂಬುತ್ತಾ ಬಂತು, ಆದರೂ ಲಕ್ಷಗಟ್ಟಲೆ ಮಂದಿ ದುಡ್ಡು ತೆಗೆದುಕೊಂಡೇ ಇರಲಿಲ್ಲ. ಅಂಥದೊಂದು ಖಾತೆ ತಮ್ಮ ಹೆಸರಲ್ಲಿದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ನಿಮಗೆ ಸಿಗೋದು ಹಳೇ ಬಾಂಡಲ್ಲ. 2020-21ರಿಂದ ಎಲ್‌ಐಸಿ ಹೋಗಿ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ, ಅಂದ್ರೆ ಹೆಣ್ಣುಮಕ್ಕಳ ಹೆಸರಿನ ಉಳಿತಾಯ ಖಾತೆ, ಬಂದಿದೆ. ವರ್ಷಕ್ಕೆ 3,000ದಂತೆ ಹದಿನೈದು ವರ್ಷ, ಒಟ್ಟು 45,000 ಸರ್ಕಾರದ್ದೇ. ಬಡ್ಡಿ ದರ ಮೂರು ತಿಂಗಳಿಗೊಮ್ಮೆ ಕೇಂದ್ರ ಪ್ರಕಟಿಸುತ್ತೆ. 2015ರಲ್ಲಿ 9.1 ಇದ್ದದ್ದು ಒಮ್ಮೆ 7.6ಕ್ಕೂ ಇಳಿದಿತ್ತು, 2024ರ ಜನವರಿಯಲ್ಲಿ 8.2ಕ್ಕೆ ಬಂತು. ಹಾಗಾಗಿ 1.27 ಲಕ್ಷ ಅನ್ನೋದು ಅಂದಾಜು ಅಂತ ಇಟ್ಟುಕೊಳ್ಳಿ. 8.2 ಹಾಗೇ ಉಳಿದರೆ ನನ್ನ ಲೆಕ್ಕಕ್ಕೆ 1.4 ಲಕ್ಷ ದಾಟುತ್ತೆ.

ನನಗೆ ಈ ಬದಲಾವಣೆಯಲ್ಲಿ ಒಂದು ಇಷ್ಟವಿಲ್ಲ. ಮೊದಲು ಇಡೀ ಗಂಟು ಒಂದೇ ಸಲ ಎಲ್‌ಐಸಿಗೆ ಹೋಗುತ್ತಿತ್ತು. ಆಮೇಲೆ ಯಾರ ಸರ್ಕಾರ ಬಂದರೂ ಹೋದರೂ ಮಗುವಿನ ಪಾಲು ಅಲ್ಲೇ. ಈಗ ಹದಿನೈದು ಕಂತು ಅಂದ್ರೆ ಹದಿನೈದು ಬಜೆಟ್. ಅದಕ್ಕೇ ವರ್ಷಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ, ಕಂತು ಬಿದ್ದಿಲ್ಲದಿದ್ದರೆ ಆಗಲೇ ಅಂಗನವಾಡಿಯಲ್ಲಿ ಕೇಳಿ. ಇನ್ನೊಂದು, ಒಂದು ಮಗುವಿಗೆ ಒಂದೇ ಸುಕನ್ಯಾ ಖಾತೆ ಅನ್ನೋದು ನಿಯಮ. ಯಾರದೋ ಮಾತು ಕೇಳಿ ಈಗಲೇ ನೀವಾಗಿ ಒಂದು ತೆರೆದುಬಿಡಬೇಡಿ. ನಿಮ್ಮದೂ ನೂರಿನ್ನೂರು ಉಳಿಸೋದಿದ್ದರೆ ಸದ್ಯಕ್ಕೆ ಅದೇ ಅಂಚೆ ಕಚೇರಿಯಲ್ಲಿ ಆರ್‌ಡಿ (ತಿಂಗಳಿಗಿಷ್ಟು ಅಂತ ಕಟ್ಟೋ ಖಾತೆ) ಮಾಡಿ.

ನಮ್ಮ ಹುಡುಗಿಯ 34,751 ಏನಾಯ್ತು ಅಂತ ಕೇಳ್ತೀರಿ. ದಾವಣಗೆರೆಯಲ್ಲಿ ಬಿ.ಕಾಂ. ಸೇರಿದಳು, ಮೊದಲ ವರ್ಷದ ಹಾಸ್ಟೆಲ್ಲು, ಫೀಸಿಗೆ ಬಹುಪಾಲು ಹೋಯ್ತು. ಮೊಬೈಲ್ ಕೊಡಿಸು ಅಂತ ಅಪ್ಪನ್ನ ಕಾಡೋದು ತಪ್ಪಿತು. ದುಡ್ಡು ಅವಳ ಹೆಸರಿನ ಖಾತೆಗೇ ಬಂದಿದ್ದರಿಂದ, ಪಂಪ್‌ಸೆಟ್ ಮೋಟಾರು ಸುಟ್ಟಾಗ ಭಾವ ಮೊದಲ ಸಲ ಮಗಳ ಹತ್ತಿರ ಕೇಳಬೇಕಾಯ್ತು. ಐದು ಸಾವಿರ ಕೊಟ್ಟಳು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ 'ಅಪ್ಪ, 5,000, ಕಡ' ಅಂತ ತಾರೀಖು ಸಮೇತ ಬರೆದಿಟ್ಟಿದ್ದಾಳೆ. ಇನ್ನೂ ವಾಪಸ್ ಬಂದಿಲ್ಲ.